ಕೇಳಲು ನಾಚಬೇಡಿ, ತೋರಿಸಲೂ ನಾಚಬೇಡಿ



ಕೆಲವು ವರ್ಷಗಳ ಹಿಂದಿನ ಮಾತು. ಮದ್ರಸದ ತರಗತಿ ಮುಗಿಸಿ ಹೊರಡುವಾಗ ಐವತ್ತು ದಾಟಿದ ತಾಯಿಯೊಬ್ಬರು ಬಾಗಿಲ ಬಳಿ ಕಾದಿದ್ದರು. ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಈಗ ಮತ್ತೆ ರಕ್ತ ಕಾಣಿಸುತ್ತಿದೆ. ನಮಾಝ್ ಮಾಡಬಹುದಾ?"

ಓದಿದ್ದನ್ನು ನೆನಪಿಸಿಕೊಂಡು ನಮಾಝಿನ ವಿಧಿ ಹೇಳಿದೆ. ಅವರು ಸಮಾಧಾನದಿಂದ ಹೋದರು. ಮನೆಗೆ ಬಂದ ನನಗೆ ಸಮಾಧಾನವಿರಲಿಲ್ಲ. ಡಾಕ್ಟರಿಗೆ ತೋರಿಸಿದಿರಾ ಎಂದು ನಾನು ಕೇಳಲೇ ಇಲ್ಲವಲ್ಲ!

ಮರುದಿನ ಅವರ ಮನೆಗೆ ಹೋಗಿ ಕೇಳಿದೆ. "ಈ ಪ್ರಾಯದಲ್ಲಿ ಅದನ್ನೆಲ್ಲ ತೋರಿಸುವುದಾ? ಮಕ್ಕಳಿಗೆ ಹೇಗೆ ಹೇಳಲಿ? ಸೊಸೆ ಏನೆಂದುಕೊಂಡಾಳು? ಇನ್ನೆಷ್ಟು ದಿನ ನಾನು, ಬಿಡಿ" ಎಂದರು.

"ಇನ್ನೆಷ್ಟು ದಿನ ನಾನು" ಎಂಬ ಈ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆ! ಕೇಳುವವರಿಗೆ ಇದು ಮರಣದ ಸ್ಮರಣೆಯಂತೆ, ವಿನಯದಂತೆ ಕಾಣುತ್ತದೆ. ಆದರೆ ಮರಣವನ್ನು ನೆನೆಯುವುದು ಬೇರೆ, ತನ್ನನ್ನು ತಾನೇ ಲೆಕ್ಕದಿಂದ ತೆಗೆದುಹಾಕುವುದು ಬೇರೆ. ಮರಣವನ್ನು ನೆನೆಯುವವಳು ಬಾಕಿ ಉಳಿದ ಉಪವಾಸಗಳನ್ನು ಎಣಿಸುತ್ತಾಳೆ, ಸಾಲ ತೀರಿಸುತ್ತಾಳೆ, ಮುನಿಸಿಕೊಂಡವರೊಡನೆ ಮಾತಾಡುತ್ತಾಳೆ. ಶರೀರ ಅಲ್ಲಾಹನ ಅಮಾನತ್ತು ಎಂದು ತಿಳಿದವಳು ಅದನ್ನೂ ನೋಡಿಕೊಳ್ಳುತ್ತಾಳೆ.

ಪ್ರವಾದಿವರ್ಯರ(ಸ) ಕಾಲದ ಸ್ತ್ರೀಯರನ್ನು ನೋಡಿ. ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿಯವರ(ಸ) ಬಳಿಗೇ ಬಂದು, ನಮಾಝ್ ಬಿಡಬೇಕೇ ಎಂದು ಕೇಳಿದರು. ಬಿಡಬೇಕಾಗಿಲ್ಲ, ಅದು ರಕ್ತನಾಳದಿಂದ ಬರುವುದು, ಮುಟ್ಟಲ್ಲ ಎಂಬ ಉತ್ತರ ಸಿಕ್ಕಿತು. ಅಂದರೆ ಎಲ್ಲ ರಕ್ತವೂ ಒಂದೇ ಅಲ್ಲ ಎಂಬುದನ್ನು ನಮಗೆ ಅಂದೇ ಕಲಿಸಲಾಗಿದೆ. ಧರ್ಮವನ್ನು ಅರಿಯಲು ಅನ್ಸಾರ್ ಮಹಿಳೆಯರಿಗೆ ನಾಚಿಕೆ ಅಡ್ಡಿಯಾಗಲಿಲ್ಲ ಎಂದು ಆಯಿಶಾ(ರ) ಅವರನ್ನು ಹೊಗಳಿದ್ದರು. ನಾಚಿಕೆ ಈಮಾನಿನ ಭಾಗ, ನಿಜ. ರೋಗವನ್ನು ಬಚ್ಚಿಡುವುದು ಆ ನಾಚಿಕೆಯಲ್ಲ.

ಇನ್ನು ವೈದ್ಯರ ಮಾತು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಆಗದಿದ್ದರೆ ಅದು ನಿಂತಿತೆಂದು ಲೆಕ್ಕ. ಆ ಬಳಿಕ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ. ಆರಂಭದಲ್ಲೇ ಗೊತ್ತಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಲೇಡಿ ಡಾಕ್ಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಚಿಕಿತ್ಸೆಯ ಅಗತ್ಯಕ್ಕೆ ಬೇಕಾದಷ್ಟು ತೋರಿಸಲು ಶರೀಅತ್ ಅನುಮತಿ ನೀಡಿದೆ.

ಚಿಕಿತ್ಸೆ ಮಾಡಿಸಿಕೊಳ್ಳಿ, ಅಲ್ಲಾಹನು ಮುಪ್ಪು ಒಂದನ್ನು ಬಿಟ್ಟು ಎಲ್ಲ ರೋಗಕ್ಕೂ ಮದ್ದು ಇಟ್ಟಿದ್ದಾನೆ ಎಂಬ ಅರ್ಥದ ಹದೀಸ್ ಇದೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮದ್ದಿಲ್ಲದ ಮುಪ್ಪಿಗೆ ಹೆದರಿ ಬಿಳಿಕೂದಲಿಗೆ ಬಣ್ಣ ಹುಡುಕುತ್ತೇವೆ, ಮದ್ದಿರುವ ರೋಗವನ್ನು "ಪ್ರಾಯದ್ದು" ಎಂದು ಸಹಿಸಿಕೊಳ್ಳುತ್ತೇವೆ.

ಆ ತಾಯಿಗೆ ಇಷ್ಟೆಲ್ಲ ಹೇಳುವಾಗ ನನ್ನ ಚೀಲದಲ್ಲೇ ಒಂದು ಚೀಟಿ ಮಡಚಿಕೊಂಡಿತ್ತು. ನನ್ನ ರಕ್ತ ಪರೀಕ್ಷೆಗೆಂದು ಡಾಕ್ಟರ್ ಬರೆದುಕೊಟ್ಟು ಐದು ತಿಂಗಳಾಗಿತ್ತು. ಮಕ್ಕಳ ಪರೀಕ್ಷೆ, ನಾದಿನಿಯ ಮದುವೆ, ರಮಝಾನ್ ಎಂದು ಮುಂದೂಡುತ್ತಾ ಬಂದಿದ್ದೆ. ನಲ್ವತ್ತು ದಾಟಿದ ಮೇಲೆ ಮನೆಯಲ್ಲಿ ಎಲ್ಲರ ಬಳಿಕ ನಾನು ಎಂಬುದು ಅಭ್ಯಾಸವಾಗಿಬಿಡುತ್ತದೆ, ಯಾರೂ ಹೇಳಬೇಕೆಂದಿಲ್ಲ.

ಅವರು ಮಗಳ ಜೊತೆ ಹೋಗಿ ತೋರಿಸಿದರು. ಅಲ್‌ಹಮ್ದುಲಿಲ್ಲಾಹ್, ದೊಡ್ಡದೇನೂ ಇರಲಿಲ್ಲ. ಅದೇ ವಾರ ನಾನೂ ರಕ್ತ ಕೊಟ್ಟು ಬಂದೆ.

ನಿಮ್ಮ ಚೀಲದಲ್ಲೂ ಅಂತಹ ಚೀಟಿಯೊಂದು ಇದೆಯೇ ಸಹೋದರಿ? ಇಂದೇ ತೆಗೆದು ನೋಡಿ. ಮನೆಯಲ್ಲಿರುವ ಅತ್ತೆಯವರನ್ನೂ ತಾಯಿಯವರನ್ನೂ ಒಮ್ಮೆ ಬದಿಗೆ ಕರೆದು ಕೇಳಿ. ಅವರಾಗಿಯೇ ಹೇಳಲಾರರು.