ಒದರುವ ಆಕಳಿಗೆ ವಕೀಲರಿಲ್ಲ

2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದು ಸುಪ್ರೀಂ ಕೋರ್ಟು ಹೇಳಿತಲ್ಲ, ಅವತ್ತು ರಾತ್ರಿ ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬಿಸ್ಕೀಟು ಹಾಕುವವರು ಒಂದು ಪಾರ್ಟಿ, ಕಲ್ಲು ಹೊಡೆಯುವವರು ಇನ್ನೊಂದು. 22ನೇ ತಾರೀಖು ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನು ತಿದ್ದಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇದ್ದವನ್ನು, ಮೈಮೇಲೆ ಬೀಳುವವನ್ನು ಮಾತ್ರ ಬಿಡಬೇಡಿ. ಮತ್ತೆ ಜಗಳ. ನಾನೂ ಮಾಡಿದೆ. ಯಾವ ಪಾರ್ಟಿಯಲ್ಲಿದ್ದೆ ಎಂದು ಹೇಳುವುದಿಲ್ಲ, ಈಗ ನಾಚಿಕೆಯಾಗುತ್ತದೆ.

ಯಾಕೆಂದರೆ ಅದೇ ತಿಂಗಳ ಕೊನೆಗೆ ಹಾವೇರಿ ಕಡೆಯ ನಮ್ಮೂರಿನಿಂದ ಕಾಕಾ ಫೋನು ಮಾಡಿದರು. "ಆಕಳು ಒಂದ ಸವನ ಒದರಾಕ ಹತ್ತೈತಪಾ. ಜೊಲ್ಲು ಸೋರತೈತಿ, ನೀರು ಮುಟ್ಟವಲ್ದು. ಗಂಟಲಾಗ ಏನರ ಸಿಕ್ಕೈತೇನಂತ ಕೈ ಹಾಕಿ ನೋಡಿದೆ. ಏನೂ ಇಲ್ಲ."

ಕೈ ಹಾಕಿ ನೋಡಿದೆ. ದನ ಸಾಕಿದವರು ಯಾರಾದರೂ ಮಾಡುವುದೇ ಇದು. ರೇಬೀಸ್ ಬಂದ ದನ ನಾಯಿಯ ಹಾಗೆ ಎಲ್ಲರನ್ನೂ ಕಚ್ಚುತ್ತ ಓಡಾಡಬೇಕೆಂದಿಲ್ಲ. ಎಷ್ಟೋ ಸಲ ಮೇವು ಬಿಟ್ಟು ನಿಲ್ಲುತ್ತದೆ, ದನಿ ಬದಲಾಗಿ ಒದರುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ, ಹಿಂಗಾಲು ಸೋತು ಬೀಳುತ್ತದೆ. ಮಾವಿನ ವಾಟೆಯೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡಿದೆ ಅನ್ನಿಸುವುದು ಸಹಜ. ವೈರಸ್ ಇರುವುದು ಆ ಜೊಲ್ಲಿನಲ್ಲೇ. ಕಾಕಾನ ಬೆರಳ ತುಂಬ ಕಬ್ಬಿನ ಗರಿ ಕೊಯ್ದ ಗೀರುಗಳು.

ಒಂದೂವರೆ ತಿಂಗಳ ಹಿಂದೆ ಹೊಲದ ದಾರಿಯಲ್ಲಿ ನಾಯಿಯೊಂದು ಆ ಆಕಳ ಮೂತಿಗೆ ಕಚ್ಚಿತ್ತಂತೆ. ಗಾಯಕ್ಕೆ ಅರಿಶಿಣ ಹಚ್ಚಿದರು, ಮರೆತರು. ಕಚ್ಚಿದ ದಿನವೇ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಸೂಜಿ ಶುರುಮಾಡಿದ್ದರೆ ದನವೂ ಉಳಿಯುವ ಸಾಧ್ಯತೆ ಇತ್ತು. ಮನುಷ್ಯರ ಹಾಗೆ ದನಕ್ಕೂ ಐದು ಸಲ: ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಆದರೆ ದನದ ದವಾಖಾನೆಯಲ್ಲಿ ಲಸಿಕೆ ಇರಲಿಲ್ಲ, ಇರುವುದೂ ಇಲ್ಲವಂತೆ. ಚೀಟಿ ಬರೆದುಕೊಡುತ್ತಾರೆ, ಪೇಟೆಯಿಂದ ತರಬೇಕು. ಮನುಷ್ಯರ ಆಸ್ಪತ್ರೆಯಲ್ಲಿ ಕಾಕಾನಿಗೆ ಲಸಿಕೆ ಸಿಕ್ಕಿತು, ಗಾಯದ ಸುತ್ತ ಹಾಕಬೇಕಾದ ಇಮ್ಯುನೋಗ್ಲಾಬ್ಯುಲಿನ್ ಇರಲಿಲ್ಲ. ಅದಕ್ಕಾಗಿ ಎರಡು ಬಸ್ಸು ಬದಲಿಸಿ ಇನ್ನೊಂದು ಊರಿಗೆ ಹೋದರು. ಆಕಳು ನಾಲ್ಕನೇ ದಿನ ಸತ್ತಿತು. ಅಷ್ಟರಲ್ಲಿ ಕಾಕು ಮನೆಮನೆಗೆ ಹೋಗಿ ನಮ್ಮ ಹಾಲು ಹಸಿ ಕುಡಿದಿರೇನು ಎಂದು ಕೇಳಿಕೊಂಡು ಬಂದಿದ್ದಳು. ಕಾಯಿಸಿದ ಹಾಲಿಗೆ ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದರೂ, ಆ ಓಣಿಯಲ್ಲಿ ನಮ್ಮ ಮನೆಯ ಹಾಲನ್ನು ಈಗಲೂ ಯಾರೂ ಒಯ್ಯುವುದಿಲ್ಲ.

ಈ ಸಾವು ಎಲ್ಲಿ ದಾಖಲಾಯಿತು? ಎಲ್ಲೂ ಇಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ರೇಬೀಸ್ ಇದೆ, ರೋಗದ ಅನುಮಾನ ಬಂದರೆ ದನದ ಒಡೆಯ ಊರಿನ ಅಧಿಕಾರಿಗೆ ತಿಳಿಸಬೇಕು. ರೋಗ ಖಚಿತವಾಗಬೇಕೆಂದರೆ ಸತ್ತ ದನದ ಮೆದುಳಿನ ತುಣುಕು ಪ್ರಯೋಗಾಲಯಕ್ಕೆ ಹೋಗಬೇಕು. ಅಂಥ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿದೆ. ಹಾವೇರಿಯ ರೈತ ಆಕಳ ತಲೆ ಹೊತ್ತು ಹೆಬ್ಬಾಳಕ್ಕೆ ಹೋಗುತ್ತಾನೆಯೇ? ಗುಂಡಿ ತೋಡಿ ಹೂಳುತ್ತಾನೆ. ಕರ್ನಾಟಕ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು, ಒಳ್ಳೆಯದೇ. ದನದ ಸಾವು ಮಾತ್ರ ಹೂಳಿದ ಗುಂಡಿಯಲ್ಲೇ ಉಳಿಯುತ್ತದೆ. ಲೆಕ್ಕವಿಲ್ಲದ ರೋಗಕ್ಕೆ ಬಜೆಟ್ಟೂ ಇರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದನಗಳ ಲಸಿಕೆಗೆಂದು 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಶುರುಮಾಡಿದಾಗ ಅದರಲ್ಲಿದ್ದದ್ದು ಕಾಲುಬಾಯಿ ರೋಗ ಮತ್ತು ಬ್ರೂಸೆಲ್ಲೋಸಿಸ್. ಅವು ಹಾಲಿನ ವ್ಯಾಪಾರಕ್ಕೆ ಹೊಡೆತ ಕೊಡುವ ರೋಗಗಳು. ರೇಬೀಸ್ ಹೊಡೆಯುವುದು ಒಂದೇ ಆಕಳಿರುವ ಮನೆಯನ್ನು.

ಇನ್ನು ಕಾಡಿನ ಮಾತು. ಹುಚ್ಚು ಹಿಡಿದ ತೋಳವೋ ನರಿಯೋ ಊರೊಳಗೆ ನುಗ್ಗಿದಾಗ ಪತ್ರಿಕೆಗಳು ಬರೆಯುವ ಧಾಟಿ ನೋಡಿ, ಕಾಡೇ ರೋಗ ಕಳಿಸಿದ ಹಾಗೆ. ನಮ್ಮಲ್ಲಿ ಬಹುಪಾಲು ಅದು ತಿರುಗಾಮುರುಗಾ. ರೋಗ ನಮ್ಮ ನಾಯಿಯಿಂದ ಅಲ್ಲಿಗೆ ಹೋಗುತ್ತದೆ. ಇಥಿಯೋಪಿಯಾದ ಬಾಲೆ ಬೆಟ್ಟಗಳಲ್ಲಿ 1990ರ ದಶಕದ ಆರಂಭದಲ್ಲಿ, ಮತ್ತೆ 2003ರಲ್ಲಿ, ಊರನಾಯಿಗಳಿಂದ ತಗುಲಿದ ರೇಬೀಸ್ ಅಳಿವಿನಂಚಿನ ತೋಳಗಳನ್ನು ಗುಂಪುಗುಂಪಾಗಿ ಕೊಂದಿತು. ಕೊಪ್ಪಳದ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ್ದೇವೆ. ಅದರ ಬೇಲಿಯಾಚೆಯ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕದೆ ಧಾಮವೆಂದು ಬೋರ್ಡು ಬರೆಸಿದರೆ ವೈರಸ್ಸಿಗೆ ಓದು ಬರುವುದಿಲ್ಲ.

ನಾಯಿಗಳು ಇಷ್ಟೊಂದು ಹೆಚ್ಚಿದ್ದಕ್ಕೆ ಅನ್ನ ಹಾಕುವ ಅಜ್ಜಿಯರನ್ನು ಬಯ್ಯುವವರು ಹದ್ದುಗಳ ಕತೆ ಕೇಳಬೇಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 1990ರ ದಶಕದಿಂದ ಅವು ಹೆಚ್ಚುಕಡಿಮೆ ಮುಗಿದೇ ಹೋದವು. 2006ರಲ್ಲಿ ದನಗಳಿಗೆ ಆ ಔಷಧ ನಿಷೇಧವಾಗುವ ಹೊತ್ತಿಗೆ ಊರ ಹೊರಗಿನ ಹೆಣಗಳೆಲ್ಲ ನಾಯಿಗಳ ಪಾಲಾಗಿದ್ದವು. ಇದರಿಂದ ಸುಮಾರು 55 ಲಕ್ಷ ನಾಯಿಗಳು ಹೆಚ್ಚಿದವೆಂದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿತು. ರಾಮನಗರದಲ್ಲಿ ನಮಗೊಂದು ರಣಹದ್ದು ಧಾಮವಿದೆ. ಅಲ್ಲಿಗೆ ಹೋದವರೆಲ್ಲ 'ಶೋಲೆ'ಯ ಬಂಡೆ ಹುಡುಕುತ್ತಾರೆ.

ಮನುಷ್ಯರಿಗೇ ಔಷಧವಿಲ್ಲ, ದನಕ್ಕೂ ನರಿಗೂ ಎಲ್ಲಿಂದ ತರೋಣ ಎಂದು ನಮ್ಮ ಗುಂಪಿನ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿದೆ, ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ಗೋವಾದಲ್ಲಿ ವರ್ಷವರ್ಷ ಬಲೆ ಹಿಡಿದು ಓಣಿ ಓಣಿ ಅಲೆದು ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಹಾಕಿದರು. 2019ರ ಹೊತ್ತಿಗೆ ಮನುಷ್ಯರ ಸಾವು ಸೊನ್ನೆಗೆ ಇಳಿಯಿತು, ನಾಯಿಗಳಲ್ಲೂ ರೋಗ ತೊಂಬತ್ತು ಪಾಲಿಗಿಂತ ಹೆಚ್ಚು ತಗ್ಗಿತು. 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ನಾಯಿಗೆ ಹಾಕಿದ ಒಂದು ಸೂಜಿ ಮಗುವಿಗೂ ಆಕಳಿಗೂ ತೋಳಕ್ಕೂ ಕಾವಲು. ಸ್ವಿಟ್ಜರ್ಲೆಂಡಿನವರಂತೂ 1978ರಲ್ಲಿ ಕೋಳಿತಲೆಯೊಳಗೆ ಲಸಿಕೆ ಇಟ್ಟು ಕಾಡುನರಿಗಳಿಗೆ ತಿನ್ನಿಸಿದರು! ಇವತ್ತು ಅಲ್ಲಿ ನರಿಗಳ ರೇಬೀಸ್ ಇಲ್ಲ. ನಾವು ಅಷ್ಟು ದೂರ ಹೋಗಬೇಕಿಲ್ಲ. ಹಳ್ಳಿಯ ನಾಯಿಗೆ ವರ್ಷಕ್ಕೊಂದು ಸೂಜಿ, ದನದ ದವಾಖಾನೆಯ ಫ್ರಿಜ್ಜಿನಲ್ಲಿ ಕಚ್ಚಿಸಿಕೊಂಡ ದನಕ್ಕೆ ಪುಕ್ಕಟೆ ಲಸಿಕೆ, ಅನುಮಾನದ ಸಾವಾದರೆ ಇಲಾಖೆಯೇ ಬಂದು ಮಾದರಿ ಒಯ್ಯುವುದು. 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಲಗಿಸುತ್ತೇವೆಂದು ದೇಶ 2021ರಲ್ಲೇ ಯೋಜನೆ ಪ್ರಕಟಿಸಿದೆ. ಪಟ್ಟಣದ ಗೇಟಿನ ಮುಂದೆ ನಾಯಿ ಇರಬೇಕೋ ಬೇಡವೋ ಎಂಬ ನಮ್ಮ ಜಗಳಕ್ಕೂ ಆ ಯೋಜನೆಗೂ ಸಂಬಂಧ ಬಹಳ ಕಡಿಮೆ.

ಹಬ್ಬಕ್ಕೆ ಊರಿಗೆ ಹೋಗುತ್ತೀರಲ್ಲ, ಹೋಳಿಗೆ ಉಂಡು ಮಲಗುವ ಮೊದಲು ಒಮ್ಮೆ ದನದ ದವಾಖಾನೆಗೆ ಹೋಗಿ ರೇಬೀಸ್ ಲಸಿಕೆ ಇದೆಯೇ ಕೇಳಿ. ಇಲ್ಲವೆಂದರೆ ಅದನ್ನು ಬರೆದು ಕೊಡಿ ಎನ್ನಿ. ನಾನು ದೀಪಾವಳಿಗೆ ಹೋದಾಗ ಕೇಳಿದೆ. ಇಲ್ಲ ಎಂದರು, ಬರೆದು ಕೊಡಲಿಲ್ಲ. ಕಾಕಾ ಸಾಲ ಮಾಡಿ ಇನ್ನೊಂದು ಆಕಳು ತಂದಿದ್ದಾರೆ. ಹೊಲದ ದಾರಿ ಅದೇ, ನಾಯಿಗಳೂ ಅವೇ.