ಕೋಲಾರ ಜಿಲ್ಲೆಯ ಶುದ್ಧ ನೀರಿನ ಘಟಕಗಳ ಮೆಂಬ್ರೇನ್ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಕೋಲಾರ

ವಿಷಯ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಆರ್‌ಒ ಘಟಕಗಳಲ್ಲಿ ಮೆಂಬ್ರೇನ್ ಕಟ್ಟಿಕೊಳ್ಳುವುದನ್ನು ತಡೆಯುವ ಬಗ್ಗೆ

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಳ್ಳಿಗಳ ಕುಡಿಯುವ ನೀರಿಗೆ ಕೊಳವೆಬಾವಿಯೇ ಮುಖ್ಯ ಆಧಾರ. ಸಾವಿರ ಅಡಿ ದಾಟಿದ ಬಾವಿಗಳಲ್ಲಿ ನೀರು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು ಸುಣ್ಣದಂಶ, ಫ್ಲೋರೈಡ್, ಸಿಲಿಕಾಗಳನ್ನು ಕರಗಿಸಿಕೊಂಡಿರುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟಬಹುದು, ಫ್ಲೋರೈಡ್ ಬಹಳ ಹೆಚ್ಚಿದ್ದರೆ ದೊಡ್ಡವರ ಕೀಲು ಮೂಳೆಗಳು ಬಿಗಿಯಬಹುದು. ಆರ್‌ಒ ಘಟಕ ಕೆಟ್ಟು ನಿಂತರೆ ಊರು ಮರಳುವುದು ಇದೇ ನೀರಿಗೆ. ಹಾಗೆ ಕೆಟ್ಟು ನಿಲ್ಲಲು ಒಂದು ದೊಡ್ಡ ಕಾರಣ ನೀರು ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಳ್ಳುವುದು. ಆರೈಕೆಯಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದೇ ಈ ಮನವಿಯ ಆಧಾರ.

ಕಟ್ಟಿಕೊಳ್ಳುವಿಕೆ ಒಂದೇ ಬಗೆಯದಲ್ಲ. ಮೊದಲನೆಯದು ಲವಣ. ಘಟಕಕ್ಕೆ ಬಂದ ನೀರಿನಲ್ಲಿ ಅರ್ಧ ಶುದ್ಧ ನೀರಾಗಿ ಹೊರಬಂದರೆ ಉಳಿದರ್ಧದಲ್ಲಿ ಲವಣಗಳ ಸಾಂದ್ರತೆ ಸುಮಾರು ಎರಡು ಪಟ್ಟಾಗುತ್ತದೆ. ಮುಕ್ಕಾಲು ಪಾಲು ತೆಗೆದರೆ ನಾಲ್ಕು ಪಟ್ಟು. ಆಗ ಕ್ಯಾಲ್ಸಿಯಂ ಕಾರ್ಬೊನೇಟ್ ಗೀಸರ್ ಕಾಯಿಲ್ ಮೇಲಿನ ಸುಣ್ಣದಂತೆ ಪೊರೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಇದನ್ನು ಸಿಟ್ರಿಕ್ ಆಮ್ಲದಿಂದ ತೊಳೆಯಬಹುದು. ಸಿಲಿಕಾ ಹಾಗಲ್ಲ, ಒಮ್ಮೆ ಕಟ್ಟಿತೆಂದರೆ ಸಾಮಾನ್ಯ ಆಮ್ಲಕ್ಕೆ ಜಗ್ಗುವುದಿಲ್ಲ. ಬಂಡೆನೆಲದ ಕೋಲಾರದಲ್ಲಿ ಅದನ್ನು ಮೊದಲೇ ತಡೆಯುವುದೊಂದೇ ದಾರಿ. ಆದ್ದರಿಂದ ಪ್ರತಿ ಬಾವಿಯ ನೀರಿನ ಗಡಸುತನ, ಸಿಲಿಕಾ, ಕಬ್ಬಿಣ, ಫ್ಲೋರೈಡ್‌ಗಳನ್ನು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷಿಸಿ, ಎಷ್ಟು ಪಾಲು ಶುದ್ಧ ನೀರು ತೆಗೆಯಬಹುದು, ಲವಣ ಕಟ್ಟದಂತೆ ತಡೆಯುವ ಆಂಟಿಸ್ಕೇಲಂಟ್ ರಾಸಾಯನಿಕ ಎಷ್ಟು ಹಾಕಬೇಕು ಎಂಬುದನ್ನು ಆಯಾ ಘಟಕಕ್ಕೇ ನಿಗದಿಪಡಿಸಬೇಕೆಂದು ಕೋರಲಾಗಿದೆ. ಜಿಲ್ಲೆಗೆಲ್ಲ ಒಂದೇ ಅಳತೆ ಹೊಂದುವುದಿಲ್ಲ.

ಎರಡನೆಯದು ಜೈವಿಕ ಲೋಳೆ. ಓವರ್‌ಹೆಡ್ ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಆದರೆ ಪಾಲಿಅಮೈಡ್ ಪೊರೆಯನ್ನೂ ಹಾಳುಮಾಡುತ್ತದೆ. ಇದ್ದಿಲು ಫಿಲ್ಟರ್ ಕ್ಲೋರಿನ್ ತೆಗೆದರೆ ಪೊರೆ ಉಳಿಯುತ್ತದೆ; ಆಮೇಲಿನ ದಾರಿಯಲ್ಲಿ ಜೀವಿಗಳಿಗೆ ತಡೆಯಿಲ್ಲ. ಇದ್ದಿಲನ್ನು ಕಾಲಕಾಲಕ್ಕೆ ಬದಲಿಸದೆ ಬಿಟ್ಟರೆ ಅದೇ ಅವುಗಳ ನೆಲೆಯಾಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಲಕ್ಷ್ಮೀಸಾಗರ ಮೊದಲಾದ ಕೆರೆಗಳನ್ನು ತುಂಬಿ ಅಂತರ್ಜಲಕ್ಕೆ ಇಳಿಯುತ್ತಿದೆ. ಅದರಲ್ಲಿ ಉಳಿದಿರಬಹುದಾದ ಸಾರಜನಕ, ರಂಜಕ ಲೋಳೆಗೆ ಆಹಾರವಾಗುವುದರಿಂದ ಈ ಕೆರೆಗಳ ಸುತ್ತಲಿನ ಬಾವಿಗಳಲ್ಲಿ ಅವುಗಳ ಪರೀಕ್ಷೆಯೂ ನಡೆಯಬೇಕು.

ನಿತ್ಯದ ನಿರ್ವಹಣೆಯಲ್ಲಿ ಹೆಚ್ಚು ಹಾನಿ ಮಾಡುವುವು ಎರಡು ಸಂಗತಿಗಳು. ಕ್ಯಾನ್ ಹಿಡಿದವರ ಸಾಲು ಬೆಳೆದಾಗ ನಲ್ಲಿಯ ಧಾರೆ ಸಣ್ಣದಾದರೆ, ಉಳಿದ ಸಾಂದ್ರ ನೀರನ್ನು ಹೊರಬಿಡುವ ರಿಜೆಕ್ಟ್ ವಾಲ್ವನ್ನು ಇನ್ನಷ್ಟು ಮುಚ್ಚಲಾಗುತ್ತದೆ. ಧಾರೆ ಆ ಕ್ಷಣಕ್ಕೆ ದಪ್ಪವಾಗುತ್ತದೆ, ಒಳಗೆ ಸಾಂದ್ರತೆ ಏರಿ ಪೊರೆಯ ಆಯುಷ್ಯ ಕರಗುತ್ತದೆ. ಎರಡನೆಯದು ಕರೆಂಟ್ ಹೋಗುವುದು. ಆಗ ಸಾಂದ್ರ ನೀರು ಮೆಂಬ್ರೇನ್ ಇರುವ ಹೌಸಿಂಗ್‌ನೊಳಗೇ ನಿಂತು ಲವಣ ಕಟ್ಟುತ್ತದೆ. ಆದ್ದರಿಂದ ರಿಜೆಕ್ಟ್ ವಾಲ್ವಿಗೆ ಸೀಲ್ ಹಾಕಬೇಕು. ಯಂತ್ರ ನಿಂತ ಕೂಡಲೇ, ಕರೆಂಟ್ ಇಲ್ಲದಾಗಲೂ, ಎತ್ತರದ ಟ್ಯಾಂಕಿನ ಶುದ್ಧ ನೀರು ಇಳಿದು ಪೊರೆ ತೊಳೆಯುವ ಏರ್ಪಾಡು ಮಾಡಿಸಬೇಕು.

ಪೊರೆ ಕಟ್ಟುತ್ತಿರುವುದನ್ನು ಒತ್ತಡ ಮತ್ತು ಹರಿವಿನ ಮಾಪಕಗಳು ಮೊದಲೇ ಹೇಳುತ್ತವೆ. ಒಂದೇ ಒತ್ತಡ, ಒಂದೇ ಉಷ್ಣತೆಗೆ ಹೋಲಿಸಿ ನೋಡಿದಾಗ ಶುದ್ಧ ನೀರಿನ ಹರಿವು ಶೇ. 10ರಷ್ಟು ಇಳಿದರೆ, ಇಲ್ಲವೇ ಮೆಂಬ್ರೇನ್ ಸಾಲಿನ ಎರಡು ತುದಿಗಳ ಒತ್ತಡದ ಅಂತರ ಶೇ. 15ರಷ್ಟು ಏರಿದರೆ ತೊಳೆಯುವ ಹೊತ್ತು ಬಂದಂತೆ. ತಡಮಾಡಿದಷ್ಟೂ ತೊಳೆಯುವುದರ ಫಲ ಕಡಿಮೆಯಾಗುತ್ತದೆ. ಲೋಳೆಯಿದ್ದರೆ ಕ್ಷಾರದಿಂದ ಮೊದಲು, ಆಮೇಲೆ ಆಮ್ಲದಿಂದ ತೊಳೆಯಬೇಕು. ಒತ್ತಡ, ಹರಿವು, ನೀರಿನಲ್ಲಿ ಕರಗಿದ ಒಟ್ಟು ಘನಾಂಶ ತೋರುವ ಟಿಡಿಎಸ್‌ಗಳನ್ನು ದಿನವೂ ಬರೆಯುವ ಪುಸ್ತಕ ಪ್ರತಿ ಘಟಕದಲ್ಲಿ, ಊರವರ ಕಣ್ಣಿಗೆ ಬೀಳುವಂತೆ ಇರಬೇಕು. ನಿರ್ವಾಹಕರಿಗೆ ತರಬೇತಿ ಕೊಡಬೇಕು. ನಿರ್ವಹಣೆಯ ಹಣ ಪಾವತಿಗೆ ಈ ಪುಸ್ತಕವೇ ಆಧಾರವಾಗಬೇಕು. ಘಟಕಕ್ಕೆ ಬಾಗಿಲು, ಬೋರ್ಡು ಇದ್ದ ಮಾತ್ರಕ್ಕೆ ಬಿಲ್ ಆಗಬಾರದು.

ಹಳೆಯ ಮೆಂಬ್ರೇನ್ ಬದಲಿಸುವಾಗ ಅದನ್ನು ಸೀಳಿ ನೋಡುವ ಪದ್ಧತಿ ಬರಲಿ. ಸುರುಳಿ ಬಿಚ್ಚಿದಾಗ ಸಾಲಿನ ಮೊದಲ ಮೆಂಬ್ರೇನ್‌ನಲ್ಲಿ ಕಂದು ಲೋಳೆ ಮತ್ತು ನಾತವಿದ್ದರೆ ಶೋಧಕಗಳ ದೋಷ. ಕೊನೆಯದರಲ್ಲಿ ಬೆರಳಿಗೆ ಬಿಳಿ ಹರಳು ತಾಗಿದರೆ ಆಂಟಿಸ್ಕೇಲಂಟ್ ಹಾಕುವ ಡೋಸಿಂಗ್ ಪಂಪಿನದೋ ವಾಲ್ವಿನದೋ ದೋಷ. ಕಾರಣ ದಾಖಲಿಸದೆ ಹೊಸದನ್ನು ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ರಿಜೆಕ್ಟ್ ನೀರಿನಲ್ಲಿ ಫ್ಲೋರೈಡ್ ಮೂಲ ನೀರಿಗಿಂತ ಹೆಚ್ಚಿರುತ್ತದೆ. ಅದು ಇಂಗುಗುಂಡಿಗೆ ಸೇರಿದರೆ ಅದೇ ಬಾವಿಗೆ ಮರಳಿ, ಪೊರೆಯ ಹೊರೆ ಏರುತ್ತದೆ. ಅದನ್ನು ಕೊಳವೆಬಾವಿಯ ಬಳಿ ಇಂಗಿಸುವುದನ್ನು ನಿಷೇಧಿಸಿ, ಶೌಚಾಲಯಕ್ಕೂ ನೆಲ ತೊಳೆಯಲೂ ಬಳಸುವಂತೆ ಗ್ರಾಮ ಪಂಚಾಯಿತಿಗಳಿಗೆ ಲಿಖಿತ ಸೂಚನೆ ನೀಡಬೇಕೆಂದು ಕೋರಲಾಗಿದೆ.

ಇಂತಿ,
ನಾಲ್ಕು ತಾಲ್ಲೂಕುಗಳ ಶುದ್ಧ ನೀರಿನ ಘಟಕಗಳ ಬಳಕೆದಾರರು