ಕತ್ತರಿ ಕಸುಬುದಾರರ ಕೈಯಲ್ಲೇ ಇರಲಿ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೇ ಪಿ.ಬಿ. ರಸ್ತೆಯಲ್ಲಿ ಬಾತಿ ಸಿಗುತ್ತದೆ. ಎರಡು ದೊಡ್ಡ ಊರುಗಳ ನಡುವಿನ ಇಂಥ ಊರಿನ ಸಣ್ಣ ವ್ಯಾಪಾರಿಗಳ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಬಸ್ಸು, ಕಾರು, ಟ್ರ್ಯಾಕ್ಟರು ದಿನವಿಡೀ ಅಂಗಡಿ ಮುಂದೆಯೇ ಓಡಾಡುತ್ತವೆ, ಇಳಿಯುವವರು ಮಾತ್ರ ಕಡಿಮೆ. ರೊಟ್ಟಿ ಬಡಿದು ಮಾರುವ ಸಂಘದ ಹೆಣ್ಣುಮಕ್ಕಳು, ಬ್ಲೌಸ್ ಹೊಲಿಯುವವರು, ವೆಲ್ಡಿಂಗ್ ಅಂಗಡಿಯವರು ಈಗ ಗಿರಾಕಿಯನ್ನು ಮೊಬೈಲಿನಲ್ಲೇ ಹುಡುಕಬೇಕಾಗಿದೆ. ಹಾಗಾದರೆ ವಿಡಿಯೊ ಎಡಿಟಿಂಗನ್ನು ಅವರೇ ಕಲಿಯಬೇಕೋ, ದುಡ್ಡು ಕೊಟ್ಟು ರೀಲ್ಸ್ ಮಾಡುವ ಹುಡುಗರಿಗೆ ಒಪ್ಪಿಸಬೇಕೋ? ಅವರೇ ಕಲಿಯಬೇಕು, ಆದರೆ ಸ್ವಲ್ಪವೇ ಕಲಿತರೆ ಸಾಕು ಎಂಬುದು ನನ್ನ ವಾದ.

ಬೆಳಗಿನಿಂದ ಸಂಜೆವರೆಗೆ ಒಲೆ ಮುಂದೆಯೋ ಮಿಷನ್ ಮುಂದೆಯೋ ಕೂತವರಿಗೆ ಇನ್ನೊಂದು ಕೆಲಸ ಹೊರಿಸುವುದು ಅನ್ಯಾಯ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಕಳಕಳಿ ಇದೆ. ಆದರೆ ಪ್ರಚಾರ ನಮ್ಮ ಕಡೆಯ ಕಸುಬುಗಳಿಗೆ ಹೊರಗಿನಿಂದ ಬಂದು ಅಂಟಿಕೊಂಡದ್ದೇನಲ್ಲ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಿಗೆ ನಾಟಕ ಕಲಿಯುವಷ್ಟೇ ಮುಖ್ಯವಾದ ಕೆಲಸ ಊರವರಿಗೆ ಅದನ್ನು ತಿಳಿಸುವುದೂ ಆಗಿತ್ತು. ಹ್ಯಾಂಡ್‌ಬಿಲ್ಲಿನಲ್ಲಿ ಯಾವ ಹಾಸ್ಯಪಾತ್ರದ ಹೆಸರು ದಪ್ಪಕ್ಷರದಲ್ಲಿರಬೇಕು, ಮೈಕಿನಲ್ಲಿ ಯಾವ ದೃಶ್ಯದ ಸುದ್ದಿ ಕೂಗಬೇಕು ಎಂಬುದು ಆ ನಾಟಕವನ್ನು ನೂರಾರು ಸಲ ಕಂಡವರಿಗಷ್ಟೇ ಹೊಳೆಯುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನೇ ನೋಡಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಗಿರಣಿಯಲ್ಲಿ ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ ಹುರಿಯುವ ತನಕ ದಿನಗಟ್ಟಲೆ ಕೆಲಸ. ಆ ಅಕ್ಕಿ ಕಾದ ಮರಳಿಗೆ ಬಿದ್ದು ಅರಳುವುದಕ್ಕೆ ಮಾತ್ರ ಕೆಲವೇ ಕ್ಷಣ ಸಾಕು. ಹೊರಗಿನಿಂದ ಬಂದ ಹುಡುಗ ಅಂಗಡಿಯ ಬೋರ್ಡು ತೆಗೆಯುತ್ತಾನೆ, ಮಾಲೀಕರನ್ನು ಸ್ಲೋ ಮೋಷನ್‌ನಲ್ಲಿ ನಡೆಸುತ್ತಾನೆ, ಮೇಲೊಂದು ಸಿನಿಮಾ ಹಾಡು ಹಾಕುತ್ತಾನೆ. ಮರಳು ಹದಕ್ಕೆ ಬಂದಿದೆ ಎಂದು ಹುರಿಯುವವರು ಹೇಗೆ ಗುರುತಿಸುತ್ತಾರೆ, ಜರಡಿ ಆಡಿಸಿದಾಗ ಒಳ್ಳೆಯ ಮಂಡಕ್ಕಿ ಎಂಥ ಸದ್ದು ಮಾಡುತ್ತದೆ ಎಂಬುದು ಅವನಿಗೆ ಗೊತ್ತಾಗುವುದಿಲ್ಲ. ಹತ್ತು ನಿಮಿಷದ ಚಿತ್ರೀಕರಣದಲ್ಲಿ ಯಾವ ಎಂಟು ಸೆಕೆಂಡು ಉಳಿಯಬೇಕೆಂದು ಬಲ್ಲವರು ಕೆಲಸ ಮಾಡುವವರೇ. ಎಡಿಟಿಂಗ್ ಎಂದರೆ ಮೂಲತಃ ಈ ಆಯ್ಕೆ. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟರೆ ಬೆಣ್ಣೆ ದೋಸೆಯ ವಿಡಿಯೊದಲ್ಲಿ ಕಾವಲಿಗಿಂತ ವ್ಲಾಗರ್ ಮುಖವೇ ಹೆಚ್ಚು ಹೊತ್ತು ಕಾಣುತ್ತದೆ.

ಕಲಿಯಬೇಕಾದದ್ದು ಮೊದಲು ಕತ್ತರಿಸುವುದು. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ತುಣುಕುಗಳನ್ನು ಇನ್‌ಶಾಟ್, ಕೈನ್‌ಮಾಸ್ಟರ್‌ನಂಥ ಯಾವುದೇ ಆ್ಯಪ್‌ನಲ್ಲಿ ಹಾಕಿ, ಬೇಡದ ತಲೆ-ಬಾಲ ತೆಗೆದು, ಸರಿಯಾದ ಕ್ರಮದಲ್ಲಿ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು. ಕ್ರಮದ ಶಕ್ತಿ ಸಣ್ಣದಲ್ಲ. ಸುಮಾರು 100 ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ ತೋರಿಸಿದ. ಸೂಪಿನ ಬಟ್ಟಲಿನ ಪಕ್ಕ ಅದೇ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ದುಃಖ ಕಂಡಿತು. ರೊಟ್ಟಿಯ ವಿಡಿಯೊಗೂ ಇದೇ ನಿಯಮ. ಮೊದಲು ಹಂಚಿನ ಮೇಲೆ ಉಬ್ಬುವ ರೊಟ್ಟಿ, ಆಮೇಲೆ ಬಡಿಯುವ ಕೈ, ಕೊನೆಗೆ ಬೆಲೆ ಮತ್ತು ಫೋನ್ ನಂಬರು ಬಂದರೆ ನೋಡುವವರು ಕೊನೆತನಕ ಉಳಿಯುತ್ತಾರೆ. ಅರ್ಧ ನಿಮಿಷ ಸಾಕು.

ಎರಡನೆಯದು ಸದ್ದು. ಸಿನಿಮಾ ಹಾಡು ಹಾಕುವ ಚಟ ಬಿಡುವುದು ಒಳ್ಳೆಯದು. ಕೆ.ಜಿ.ಎಫ್-2ರ ಸಂಗೀತ ಬಳಸಿದ್ದಕ್ಕೆ 2022ರಲ್ಲಿ ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಒಂದು ರಾಷ್ಟ್ರೀಯ ಪಕ್ಷವನ್ನೇ ಕೋರ್ಟಿಗೆ ಎಳೆಯಿತು. ವ್ಯಾಪಾರಕ್ಕೆ ಬಳಸುವ ಹಾಡಿಗೆ ಅನುಮತಿ ಬೇಕು. ಅದಕ್ಕಿಂತ ಮುಖ್ಯವಾಗಿ, ದೋಸೆ ಹುಯ್ದಾಗಿನ ಚುಂಯ್ ಸದ್ದು, ಹೊಲಿಗೆ ಮಿಷನ್ನಿನ ಓಟ, ಮಾಡುವವರ ಸ್ವಂತ ದನಿ ಯಾವ ಹಾಡಿಗಿಂತಲೂ ನಂಬಿಕೆ ಹುಟ್ಟಿಸುತ್ತವೆ. ನಮ್ಮ ದಾವಣಗೆರೆ ಕಡೆಯ ಮಾತಿನಲ್ಲಿ ಬೆಲೆ ಹೇಳುವವರನ್ನು ಜನ ಪರಿಚಿತರಂತೆ ಕೇಳುತ್ತಾರೆ.

ಮೂರನೆಯದು ಅಕ್ಷರ. ಎಷ್ಟೋ ಜನ ಸದ್ದು ಆಫ್ ಮಾಡಿಯೇ ನೋಡುವುದರಿಂದ ವಿವರ ಪರದೆ ಮೇಲೆ ಇರಬೇಕು, ಅದೂ ಕನ್ನಡದಲ್ಲಿ. ಕೆಲವು ಆ್ಯಪ್‌ಗಳ ಅಲಂಕಾರದ ಅಕ್ಷರಗಳಲ್ಲಿ ನಮ್ಮ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ಆಗ ಇಂಗ್ಲಿಷಿಗೆ ಹಾರದೆ ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಅಕ್ಷರಶೈಲಿ ಹಾಕಿಕೊಂಡರೆ ಸಮಸ್ಯೆ ಬಗೆಹರಿಯುತ್ತದೆ. ಟ್ರಾನ್ಸಿಷನ್, ಮಿಂಚು, ಕುಣಿಯುವ ಸ್ಟಿಕರ್ ಇವೆಲ್ಲ ಬೇಕಿಲ್ಲ.

ಕತ್ತರಿಗೆ ಇನ್ನೊಂದು ಮುಖವೂ ಇದೆ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಭಟ್ಟಿಗಳ ಹೊಗೆಯ ಬಗ್ಗೆ ಊರಿನಲ್ಲಿ ಹಳೆಯ ದೂರಿದೆ. ಹೊಗೆ ಕಾಣದಂತೆ ಕತ್ತರಿಸುವುದು ಒಂದು ಬೆರಳಿನ ಕೆಲಸ. ಫಿಲ್ಟರ್ ಹಾಕಿ ಮಾಸಲು ಮಂಡಕ್ಕಿಯನ್ನು ಬೆಳ್ಳಗೆ ಮಾಡುವುದೂ ಅಷ್ಟೇ ಸುಲಭ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಸಣ್ಣ ಊರಿನಲ್ಲಿ ಕಾನೂನಿಗಿಂತ ಮೊದಲು ಗಿರಾಕಿಯೇ ತೀರ್ಪು ಕೊಡುತ್ತಾರೆ. ವಿಡಿಯೊ ನೋಡಿ ಬಂದವರಿಗೆ ಕೈಯಲ್ಲಿ ಸಿಕ್ಕಿದ್ದು ಬೇರೆಯಾಗಿದ್ದರೆ ಅವರು ಮತ್ತೆ ಬರುವುದಿಲ್ಲ, ನಾಲ್ಕು ಜನಕ್ಕೆ ಹೇಳದೆಯೂ ಇರುವುದಿಲ್ಲ. ಬೇಸರ ತರುವ ಭಾಗ ಕತ್ತರಿಸಿ, ಸತ್ಯದ ಭಾಗ ಕತ್ತರಿಸಬೇಡಿ.

ಆ್ಯಪ್ ಒಂದನ್ನೇ ನಂಬಿ ಕೂರುವುದೂ ಅಪಾಯ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಎಡಿಟಿಂಗ್‌ಗೆ ಬಳಸುತ್ತಿದ್ದ ವಿವಾವಿಡಿಯೊ ಕೂಡ ಆ ಪಟ್ಟಿಯಲ್ಲಿತ್ತು. ಟಿಕ್‌ಟಾಕ್‌ನಲ್ಲಿಯೇ ಗಿರಾಕಿ ಬಳಗ ಕಟ್ಟಿಕೊಂಡವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಆದರೆ ತುಣುಕು ಆರಿಸುವ, ಜೋಡಿಸುವ ಬುದ್ಧಿಯನ್ನು ಯಾವ ಆದೇಶವೂ ಕಸಿಯಲಿಲ್ಲ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದಾಗ ಅದೇ ವಿದ್ಯೆ ಅಲ್ಲೂ ನಡೆಯಿತು. ಹೀಗಾಗಿ ಮೂಲ ತುಣುಕುಗಳನ್ನು ಮೆಮೊರಿ ಕಾರ್ಡಿನಲ್ಲೋ ಕಂಪ್ಯೂಟರಿನಲ್ಲೋ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು, ಗಿರಾಕಿಗಳ ಫೋನ್ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಇಷ್ಟನ್ನು ಎಲ್ಲರೂ ಮೊಬೈಲ್ ತಡಕಾಡಿಯೇ ಕಲಿಯಲಿ ಎನ್ನುವುದು ಸರಿಯಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಇಂದು ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಹೊಲಿಗೆಯನ್ನು, ಹೈನುಗಾರಿಕೆಯನ್ನು ಉಚಿತವಾಗಿ ಕಲಿಸುತ್ತಾರೆ. ಆ ತರಬೇತಿಗಳ ಕೊನೆಗೆ ಎರಡು ದಿನ ಮೊಬೈಲ್ ಎಡಿಟಿಂಗ್ ಸೇರಿಸಲು ಹೆಚ್ಚು ಖರ್ಚು ಬೀಳುವುದಿಲ್ಲ. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೇ ಇದೆ. ಅಲ್ಲಿನ ವಿದ್ಯಾರ್ಥಿಗಳು ರಜೆಯಲ್ಲಿ ಬಾತಿಗೋ ಹರಿಹರದ ಸುತ್ತಿನ ಹಳ್ಳಿಗಳಿಗೋ ಹೋಗಿ ಸಂಘದ ಹೆಣ್ಣುಮಕ್ಕಳ ಜೊತೆ ಒಂದು ಮಧ್ಯಾಹ್ನ ಕೂತರೆ ಇಬ್ಬರಿಗೂ ಕಲಿಕೆ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಮುಂದಿನ ತಂಡದಿಂದಲೇ ಶುರು ಮಾಡಬಹುದು.